ಬಿಲ್ಲೆ ಬಂದ ದಾರಿ

ಸೂಜಿಯಕ್ಕನ ಬಟ್ಟಲಲ್ಲಿ ಬಿಲ್ಲೆ ಹುಟ್ಟಿದೆಯಂತೆ ಎನ್ನುವ ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಇಡೀ ಮಹಡಿಗೆ ಹಬ್ಬಿತು. ಸಾವಿನ ಮನೆಗೆ ಬಂದವರ ಹಾಗೆ ಒಬ್ಬೊಬ್ಬರೇ ಬಂದರು, ಬಾಗಿಲಲ್ಲಿ ನಿಂತು ಇಣುಕಿದರು, ಲೊಚಗುಟ್ಟಿ ಹೋದರು.

ಲ್ಯಾಬಿನವರು ಆಕೆಗೆ ಸೂಜಿಯಕ್ಕ ಎಂದು ಹೆಸರಿಟ್ಟದ್ದು ಆಕೆ ಬೆಳೆಸುವ ಹರಳಿನಿಂದಲೋ ಆಕೆಯ ನಾಲಗೆಯಿಂದಲೋ ಎನ್ನುವುದರಲ್ಲಿ ಎರಡು ಪಂಗಡಗಳಿದ್ದವು. ಹರಳೇ ಕಾರಣ ಎನ್ನುವವರು ಅವಳೆದುರು ಹೇಳುತ್ತಿದ್ದರು, ಇನ್ನೊಂದು ಪಂಗಡದವರು ಓಣಿಯ ತಿರುವಿನಾಚೆ ಹೇಳುತ್ತಿದ್ದರು. ಕೆಲಸ ಮಾತ್ರ ಅಚ್ಚುಕಟ್ಟು. ಜ್ವರದ ಹೊಸ ಔಷಧಿಯ ಪುಡಿಯನ್ನು ನೀರು, ಸ್ಪಿರಿಟ್ಟು ಬೆರೆಸಿ ಕುದಿಸುವುದು, ಬಿಸಿಬಿಸಿಯಲ್ಲೇ ಸೋಸಿ ಅಗಲ ಬಟ್ಟಲಿಗೆ ಸುರಿಯುವುದು, ಕೈಗೆ ಹಿತವಾಗುವಷ್ಟು ಆರಿದ ಮೇಲೆ ಗಾಜಿನ ಕಡ್ಡಿಯಿಂದ ಬಟ್ಟಲಿನ ಒಳಮೈಯನ್ನು ಒಮ್ಮೆ 'ಕಿರ್ರ್' ಎಂದು ಗೀಚುವುದು. ಕೇಳಿದವರ ಹಲ್ಲು ಜುಮ್ಮೆನ್ನಬೇಕು, ಹಾಗೆ. ಆ ಗೀರಿನ ಗುಂಟ ಹರಳು ಮೊಳೆಯುತ್ತಿತ್ತು. ನೋಡನೋಡುತ್ತ ಬಟ್ಟಲ ತುಂಬ ಬಿಳಿ ಸೂಜಿಗಳು. ಒಣ ಹರಳು, ಹೊಟ್ಟೆಗೆ ಹೋದ ಕೂಡಲೇ ಕರಗುವಂಥದ್ದು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದು ಕೈಕೊಟ್ಟಿರಲಿಲ್ಲ.

ಈಗ ಬಂದದ್ದು ಬಿಲ್ಲೆ. ಚಪ್ಪಟೆ, ಹೊಳಪು, ನೋಡಲು ಬಲು ಚೆಂದ. ಆದರೆ ಒಂದೊಂದರ ಹೊಟ್ಟೆಯಲ್ಲೂ ನೀರು. ಅದು ಕರಗುವ ಸೋಮಾರಿತನ ನೋಡಿದರೆ, ಜ್ವರ ತಾನಾಗಿಯೇ ಇಳಿದ ಮೇಲೆ ಕೆಲಸಕ್ಕೆ ಬರುವ ಮದ್ದು ಅದು.

ತಿಂಗಳ ಕೊನೆಗೆ ಔಷಧಿ ಕಾರ್ಖಾನೆಯವರು ಬರುವವರಿದ್ದರು. ಅವರ ಕಣ್ಣೆದುರೇ ಸೂಜಿ ಹುಟ್ಟಬೇಕು. ಹುಟ್ಟದಿದ್ದರೆ ಈ ಕೋಣೆ ಎಕ್ಸ್-ರೇಯವರಿಗೆ ಎಂದು ಸಂಸ್ಥೆಯ ಮುಖ್ಯಸ್ಥರು ತುಂಬಿದ ಸಭೆಯಲ್ಲೇ ಹೇಳಿಬಿಟ್ಟಿದ್ದರು. ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಅವರನ್ನು ಬಿಟ್ಟು ಎಷ್ಟೋ ವರ್ಷವಾದರೂ ಹೆಸರು ಬಿಟ್ಟಿರಲಿಲ್ಲ. ಎಕ್ಸ್-ರೇಯ ಹೊಸ ಯಂತ್ರ ಆಗಲೇ ಬಂದಿಳಿದು, ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ, ಸರಿಯಾಗಿ ಸೂಜಿಯಕ್ಕನ ಬಾಗಿಲೆದುರಿನ ಓಣಿಯಲ್ಲಿ, ಕರೆಯದೆ ಬಂದು ಎದ್ದು ಹೋಗದ ನೆಂಟರ ಹಾಗೆ ಕೂತಿತ್ತು.

ಎಕ್ಸ್-ರೇಯವರು, ಅಂದರೆ ಹರಳಿಗೆ ಎಕ್ಸ್-ರೇ ಹಾಯಿಸಿ ಒಳಗಿನ ಅಣುಗಳ ಜೋಡಣೆ ಅಳೆಯುವವರು, ಬೇರೆ ಯಾರೂ ಅಲ್ಲ, ಅವಳ ಅತ್ತಿಗೆ. ಒಡಹುಟ್ಟಿದ ಅಣ್ಣನ ಹೆಂಡತಿ. ಒಂದೇ ಮನೆ: ಕೆಳಗೆ ಅವರಿಬ್ಬರು, ಮೇಲೆ ಇವಳು, ಊಟ ಮಾತ್ರ ಕೆಳಗೆ ಒಟ್ಟಿಗೆ. ಅಣ್ಣನಿಗೆ ಆಕೆಯನ್ನು ಸಂಸ್ಥೆಯ ಕ್ಯಾಂಟೀನಿನಲ್ಲಿ ಪರಿಚಯ ಮಾಡಿಸಿದವಳೂ ಇವಳೇ.

ಅತ್ತಿಗೆ ಅಂದು ಎಲ್ಲರ ಹಾಗೆ ಬಾಗಿಲಲ್ಲಿ ನಿಲ್ಲಲಿಲ್ಲ. ಸೀದಾ ಒಳಗೆ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

"ಅಯ್ಯೋ, ಎಷ್ಟು ಲಕ್ಷಣವಾಗಿದಾವೆ ಕಣೇ! ಒಡೆದ ಕನ್ನಡಿ ಚೂರಿನ ಹಾಗೆ. ನಂಗೊಂದಿಷ್ಟು ಕೊಡು."

"ಹೆಣದ ಮುಂದೆ ನಿಂತು ಕಿವಿಯೋಲೆ ಚೆನ್ನಾಗಿದೆ ಅಂದ ಹಾಗಾಯ್ತು, ಅತ್ತಿಗೆ."

"ಓಲೆ ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಬೇಕಪ್ಪ. ಅದಕ್ಕೇನು ಮುಚ್ಚುಮರೆ?"

ಸೂಜಿಯಕ್ಕ ಒಂದು ಚಿಟಿಕೆ ಕೊಟ್ಟಳು. ತನ್ನ ಬಟ್ಟಲು ಕೆಟ್ಟರೆ ಇವಳಿಗೆ ಇಷ್ಟು ಹಿಗ್ಗು ಯಾಕೆ?

ಮಾರನೆಯ ದಿನವೂ ಬಿಲ್ಲೆ. ಬಟ್ಟಲು ಬದಲಾಯಿಸಿದಳು, ಬಿಲ್ಲೆ. ಕಡ್ಡಿ ಬದಲಾಯಿಸಿದಳು, ಪುಡಿಯ ಹೊಸ ಡಬ್ಬಿ ಒಡೆದಳು, ಬಿಲ್ಲೆ, ಬಿಲ್ಲೆ. ಹರಳಿನ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು: ಹಾಲಿಗೆ ಹೆಪ್ಪು ಹೇಗೋ ದ್ರಾವಣಕ್ಕೆ ಹರಳಿನ ಚೂರು ಹಾಗೆ. ಕಣ್ಣಿಗೆ ಕಾಣದಷ್ಟು ಬಿಲ್ಲೆಯ ಪುಡಿ ಬಿದ್ದರೆ ಸಾಕು, ಬಟ್ಟಲಿಗೆ ಬಟ್ಟಲೇ ಬಿಲ್ಲೆಯಾಗುತ್ತದೆ. ಅಂದಮೇಲೆ ಯಾರೋ ಹೆಪ್ಪು ಹಾಕುತ್ತಿದ್ದಾರೆ. ಯಾರು? ಕೋಣೆ ಯಾರಿಗೆ ಬೇಕೋ ಅವರು. ಲೆಕ್ಕ ಇಷ್ಟು ಸುಲಭವಾಗಿ ಕೂಡಿಬಂದದ್ದೇ ಅವಳಿಗೆ ಒಂದು ಬಗೆಯ ಸಮಾಧಾನ ಕೊಟ್ಟಿತು.

ರಾತ್ರಿಯೂಟಕ್ಕೆ ಕೂತಾಗ ಅಣ್ಣ ಅವಳ ಮುಖ ನೋಡಿದ. ಅವನು ಬಸ್ ನಿಲ್ದಾಣದಲ್ಲಿ ಮೈಕಿನೆದುರು ಕೂತು ಬಸ್ಸು ಕೂಗುವವನು. ಮನೆಗೆ ಬಂದರೂ ಮೈಕು ಗಂಟಲಲ್ಲೇ ಇರುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ. ನನ್ನ ತಂಗಿಯ ನಗು ಕಾರಣಾಂತರದಿಂದ ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ."

"ಸುಮ್ನಿರಿ," ಎಂದಳು ಅತ್ತಿಗೆ. ಆಮೇಲೆ ಇವಳ ಕಡೆ ತಿರುಗಿ, "ಇವತ್ತೂ ಬಿಲ್ಲೆನಾ?"

ಕೇಳುವಾಗ ಸೌಟು ಅರೆಗಳಿಗೆ ಗಾಳಿಯಲ್ಲೇ ನಿಂತಿತೆಂದು ಸೂಜಿಯಕ್ಕನಿಗೆ ಅನ್ನಿಸಿತು. ಕೈ ಹೆದರಿ ನಿಂತಿತೋ, ಸೌಟು ಬಿಸಿಯಿತ್ತೋ?

"ನಿಮಗೇನು ಅದ್ರಿಂದ?"

"ಏನಿಲ್ಲ. ಬಿಲ್ಲೆ ಬಂದ್ರೆ ಇನ್ನೊಂಚೂರು ಬೇಕಿತ್ತು."

ಬೇಕಿತ್ತಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸೂಜಿಯಕ್ಕನ ಕಣ್ಣಿಗೆ ಅಂದಿನಿಂದ ಅತ್ತಿಗೆ ಮಾಡಿದ್ದೆಲ್ಲ ಬಿಲ್ಲೆಯಾಗಿ ಕಂಡಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರೆ, ಯಾಕೆ ಬಿಟ್ಟುಕೊಟ್ಟಳು? ಮಾತಾಡಿದರೆ ಏನೋ ಮುಚ್ಚಲಿಕ್ಕೆ, ಮಾತಾಡದಿದ್ದರೆ ಏನೋ ಮುಚ್ಚಿಟ್ಟದ್ದಕ್ಕೆ.

ಸಂಜೆ ಹೊರಡುವ ಮೊದಲು ಕೋಣೆಯ ಬಾಗಿಲಂಚಿಗೆ, ಯಾರಿಗೂ ಕಾಣದಷ್ಟು ಕೆಳಗೆ, ಅಂಟುಪಟ್ಟಿಯ ಚೂರೊಂದನ್ನು ಅಂಟಿಸಿ ಹೋಗತೊಡಗಿದಳು. ಬೆಳಿಗ್ಗೆ ಅದು ಅಂಟಿದಂತೆಯೇ ಇರುತ್ತಿತ್ತು. ಒಳಗೆ ಬಟ್ಟಲಲ್ಲಿ ಮಾತ್ರ ಬಿಲ್ಲೆ. ಬೇರೆ ಯಾರಾದರೂ ಆಗಿದ್ದರೆ, ಸರಿ, ರಾತ್ರಿ ಯಾರೂ ಬಂದಿಲ್ಲ ಎಂದುಕೊಳ್ಳುತ್ತಿದ್ದರು. ಇವಳು, ಎಷ್ಟು ಜಾಣೆ ನೋಡು, ಪಟ್ಟಿಯನ್ನು ತಿರುಗಿ ಅಂಟಿಸಿ ಹೋಗುತ್ತಾಳೆ ಎಂದುಕೊಂಡಳು.

ಕೊನೆಗೆ ಅತ್ತಿಗೆ ಊಟಕ್ಕೆ ಹೋದ ಹೊತ್ತು ನೋಡಿ ಎಕ್ಸ್-ರೇ ಕೋಣೆಗೇ ಇಳಿದಳು. ಅದು ನೆಲಮಾಳಿಗೆಯಲ್ಲಿತ್ತು. ಯಂತ್ರ ಬಿಸಿಯಾಗಬಾರದೆಂದು ಸದಾ ಕೊರೆಯುವ ತಂಪು, ಗೋಡೆಗೆ ತೇವದ ವಾಸನೆ. ಹಾಗಾಗಿ ಇಳಿಯುವಾಗ ಉಣ್ಣೆಯ ಸ್ವೆಟರ್ ಏರಿಸಿಕೊಂಡಳು. ಒಳಗೆ ಮೇಜಿನ ಮೇಲೆ ಹರಳು ಅರೆಯುವ ಪುಟ್ಟ ಕಲ್ಲು, ಕಲ್ಲಿನ ಸುತ್ತ ಬಿಳಿ ಪುಡಿ, ಕುರ್ಚಿಯ ತೋಳಿನ ಮೇಲೆ, ದೀಪದ ಕುತ್ತಿಗೆಯ ಮೇಲೆ ಎಲ್ಲೆಲ್ಲೂ ಅದೇ. ಬೆರಳಿಗೆ ಹಚ್ಚಿ ಭೂತಗನ್ನಡಿಯಲ್ಲಿ ನೋಡಿದಳು: ಒಡೆದ ಬಿಲ್ಲೆ. ಕಪಾಟಿನಲ್ಲಿ ಒಂದು ಬಾಟಲಿ ತುಂಬ ಬಿಲ್ಲೆ. ತಾನು ಕೊಟ್ಟದ್ದು ಒಂದು ಚಿಟಿಕೆ, ಇಲ್ಲಿರುವುದು ಬಾಟಲಿ!

"ಸಿಕ್ಕಿಬಿದ್ದೆಯಲ್ಲ," ಎಂದು ಬಾಟಲಿಗೇ ಹೇಳಿದಳು.

ಒಂದು ದಿನಕ್ಕೆ ನಿಲ್ಲಲಿಲ್ಲ. ದಿನವೂ ಇಳಿದಳು, ಬಾಟಲಿಯ ಮಟ್ಟ ನೋಡಿದಳು, ಮೇಜು ಸವರಿದಳು, ಕಪಾಟಿನೊಳಗೆ ತಲೆ ತೂರಿಸಿದಳು, ಮೇಲೆ ಬಂದು ತನ್ನ ಬಟ್ಟಲಿನ ಮೇಲೆ ಬಾಗಿದಳು. ಬಾಟಲಿ ಬರಿದಾದಷ್ಟೂ ಮೇಲೆ ಬಿಲ್ಲೆ ಬೇಗ ಬೇಗ ಹುಟ್ಟುತ್ತಿತ್ತು. ಇನ್ನೆಂಥ ಸಾಕ್ಷಿ ಬೇಕು? ಸೀದಾ ಮೇಷ್ಟ್ರ ಕೋಣೆಗೆ ಹೋದಳು.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಿಮ್ಮ ಮನೆಯವರೇ ಅಲ್ವೇನಮ್ಮ ಆಕೆ?"

"ಮನೆ ಬೇರೆ, ಲ್ಯಾಬ್ ಬೇರೆ ಸಾರ್."

"ಖಚಿತವಾಗಿ ಹೇಳ್ತಿದೀಯಾ? ಅನುಮಾನಾನಾ?"

"ಖಚಿತ," ಎಂದಳು.

ಆ ಮಧ್ಯಾಹ್ನವೇ ಅತ್ತಿಗೆಯ ಕೈಯಿಂದ ನೆಲಮಾಳಿಗೆಯ ಕೋಣೆಯನ್ನು ಬಿಡಿಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲಿ, ಹೊಸ ಯಂತ್ರ ಯಾರ ಕೈಗೆ ಎಂಬುದನ್ನು ಆಮೇಲೆ ನೋಡೋಣ ಎಂದರು ಮೇಷ್ಟ್ರು. ಸಂಜೆ ಸೂಜಿಯಕ್ಕ ಮನೆಗೆ ಬಂದಾಗ ಅತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ನೀನೇನಾ?"

"ಏನು ನಾನಾ?"

"ಏನಿಲ್ಲ ಬಿಡು."

ಅಂದು ಅಣ್ಣ ಊಟದ ಹೊತ್ತಿನಲ್ಲಿ ಯಾವ ಬಸ್ಸನ್ನೂ ಕೂಗಲಿಲ್ಲ.

ಕಳ್ಳಿ ಮನೆಯಲ್ಲಿ ಕೂತ ಮೇಲೆ ಕಳವು ನಿಲ್ಲಬೇಕಲ್ಲ? ಮರುದಿನ ಸೂಜಿಯಕ್ಕ ಹುಮ್ಮಸ್ಸಿನಿಂದ ಗೀಚಿದಳು. ಬಿಲ್ಲೆ. ಅದರ ಮರುದಿನವೂ ಅದೇ. ಹಾಗಾದರೆ ಅತ್ತಿಗೆ ಯಾರನ್ನೋ ಕೈವಶ ಮಾಡಿಕೊಂಡಿದ್ದಾಳೆ! ಕಸ ಗುಡಿಸುವವರನ್ನು ಕೆಕ್ಕರಿಸಿ ನೋಡಿದಳು, ಕ್ಯಾಂಟೀನಿನವರು ಕೊಟ್ಟ ಟೀಯನ್ನು ಮೂಸಿ ಕುಡಿದಳು. ಏನಾದರೂ ಸುಳಿವು ಸಿಕ್ಕೀತೆಂದು ನೆಲಮಾಳಿಗೆಗೂ ಮತ್ತೆ ಮತ್ತೆ ಇಳಿದಳು. ಆಮೇಲೆ ಒಂದು ಉಪಾಯ ಹೊಳೆಯಿತು: ಈ ಕಟ್ಟಡದವರು ಯಾರೂ ಕಾಲಿಡದ ಜಾಗದಲ್ಲಿ ಬಟ್ಟಲಿಟ್ಟು ನೋಡುವುದು. ಅಲ್ಲಿ ಸೂಜಿ ಬಂದರೆ, ಇಲ್ಲಿ ಯಾರದೋ ಕೈವಾಡವಿದೆ ಎಂದು ಕಾರ್ಖಾನೆಯವರೆದುರೇ ಸಾಧಿಸಬಹುದು. ಕೋಣೆ ಉಳಿಯುತ್ತದೆ.

ಅಂಗಳದ ಕೊನೆಯಲ್ಲಿ ಗಾಜಪ್ಪನ ಶೆಡ್ಡು. ಸಂಸ್ಥೆಗೆ ಬೇಕಾದ ಗಾಜಿನ ಸಾಮಾನನ್ನು ಊದಿ ಮಾಡಿಕೊಡುವ ಮುದುಕ. ಉರಿ ಹೊತ್ತಿದ್ದಾಗ ಮೇಷ್ಟ್ರನ್ನೂ ಒಳಗೆ ಬಿಟ್ಟವನಲ್ಲ. ಸೂಜಿಯಕ್ಕ ಕುದಿಬಂದ ದ್ರಾವಣವನ್ನು ಬಾಯಿ ಬಿಗಿದ ಫ್ಲಾಸ್ಕಿನಲ್ಲಿ ಒಯ್ದಳು. ಅಷ್ಟು ಬಿಸಿಯಲ್ಲಿ ಯಾವ ಹರಳಿನ ಚೂರೂ ಕರಗದೆ ಉಳಿಯುವುದಿಲ್ಲ. ಕಿಟಕಿಯಿಂದ ಅದನ್ನು ಒಳಗೆ ಕೊಟ್ಟಳು. ಗಾಜಪ್ಪ ಆಗತಾನೆ ಊದಿದ ಬಟ್ಟಲಿಗೆ ಅದನ್ನು ಸುರಿದು, ಉರಿಯಿಂದ ದೂರ, ಹಿಂಗೋಡೆಯ ತಣ್ಣಗಿನ ಕಲ್ಲಿನ ಮೇಲಿಟ್ಟ.

"ಆರಿತಾ? ಹಾಂ, ಈಗ ಒಳಗಡೆ ಕಡ್ಡಿಯಿಂದ ಗೀಚು ಗಾಜಪ್ಪ."

"ಗಾಜು ಗೀಚು ಅಂತೀಯಲ್ಲಮ್ಮ, ನಿಂಗೆ ಪಾಪ ತಟ್ಟುತ್ತೆ. ಹುಟ್ಟಿದಾಗಿಂದ ಗೀಚದ ಹಾಗೆ ನೋಡ್ಕೊಂಡು ಬಂದೋನು ನಾನು."

"ಪಾಪ ನನಗಿರಲಿ, ಗೀಚು."

ಕಿರ್ರ್ ಎಂದಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಗಾಜಪ್ಪನ ದನಿ: "ಅಮ್ಮಾ, ಬಟ್ಟಲಿಗೆ ಗಡ್ಡ ಬಂತು! ಬಿಳೀ ಗಡ್ಡ. ನಂದಕ್ಕಿಂತ ಚೆನ್ನಾಗಿದೆ."

ಸೂಜಿ! ಸೂಜಿಯಕ್ಕ ಕಿಟಕಿಯ ಸರಳು ಹಿಡಿದು ಕುಣಿಯುವುದೊಂದು ಬಾಕಿ. ಉರಿ ಆರಿಸಿದ ಕೂಡಲೇ ಒಳಗೆ ನುಗ್ಗಿ, ಭೂತಗನ್ನಡಿ ಹಿಡಿದು, ಮಗುವಿನ ತೊಟ್ಟಿಲಿಗೆ ಬಾಗುವ ಹಾಗೆ ಬಟ್ಟಲಿಗೆ ಬಾಗಿದಳು. ಎಷ್ಟು ದಿನವಾಗಿತ್ತು ಇದನ್ನು ಕಂಡು! ಬಾಗಿ, ಕತ್ತು ಹೊರಳಿಸಿ, ಆ ಕಡೆಯಿಂದ ಈ ಕಡೆಯಿಂದ ನೋಡಿದಳು.

ಆಗ ಸೂಜಿಗಳ ನಡುವೆ ಒಂದು ಚುಕ್ಕೆ ಮಿನುಗಿತು.

ಚುಕ್ಕೆ ಚೌಕವಾಯಿತು. ಅದರ ಪಕ್ಕದಲ್ಲಿ ಇನ್ನೊಂದು. ಸುತ್ತಲಿನ ಸೂಜಿಗಳ ತುದಿ ಮೊಂಡಾಗಿ, ಸವೆದು, ನಿಧಾನವಾಗಿ ಇಲ್ಲವಾಗತೊಡಗಿತು, ಚೌಕಗಳು ಹಿಗ್ಗಿದವು.

"ಇದೇನಮ್ಮ," ಗಾಜಪ್ಪ ಭುಜದ ಪಕ್ಕ ಬಂದು ನಿಂತ, "ಒಂದನ್ನೊಂದು ತಿಂತಾ ಇದಾವೆ?"

ಶೆಡ್ಡಿನಲ್ಲಿ ಅತ್ತಿಗೆ ಇರಲಿಲ್ಲ. ಅತ್ತಿಗೆಯ ಕೈವಶವಾದವರೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದೆಯೇ ಸೂಜಿಯಕ್ಕನ ಕೈ ತನ್ನ ಹೆಗಲಿಗೆ ಹೋಯಿತು. ನೆಲಮಾಳಿಗೆಯಿಂದ ಬಂದ ಮೇಲೂ ಬಿಚ್ಚದೆ ಉಳಿದ ಸ್ವೆಟರಿನ ಒಂದೆಳೆ ಕಿತ್ತು ಭೂತಗನ್ನಡಿಯ ಕೆಳಗೆ ಹಿಡಿದಳು. ಉಣ್ಣೆಯ ನವಿರುಗಳ ತುಂಬ ಸಣ್ಣ ಸಣ್ಣ ಕನ್ನಡಿ ಚೂರುಗಳು.

ಕಳ್ಳನನ್ನು ಹಿಡಿಯಲೆಂದು ದಿನವೂ ನೆಲಮಾಳಿಗೆಗೆ ಇಳಿದು, ಮೈಗೆಲ್ಲ ಹೆಪ್ಪು ಮೆತ್ತಿಕೊಂಡು ಬಂದು, ತನ್ನ ಬಟ್ಟಲಿಗೆ ತಾನೇ ಉದುರಿಸಿದ್ದಳು. ಅನುಮಾನ ಹೆಚ್ಚಿದಷ್ಟೂ ಇಳಿದಳು, ಇಳಿದಷ್ಟೂ ಬಿಲ್ಲೆ ಹೆಚ್ಚಿತು. ಮೊಟ್ಟಮೊದಲ ಬಿಲ್ಲೆ ಎಲ್ಲಿಂದ ಬಂತು? ಅದು ಯಾರಿಗೂ ಗೊತ್ತಿಲ್ಲ. ಎಲ್ಲ ಹರಳಿನ ಮೊದಲ ಕಥೆಯೂ ಹಾಗೆಯೇ. ಆ ಬಿಲ್ಲೆಯ ಪುಡಿ ಕೋಣೆಯಲ್ಲೇ ಉಳಿದು ಮೊದಲ ಕೆಲವು ದಿನ ಬಟ್ಟಲಿಗೆ ಬಿದ್ದಿರಬೇಕು. ಆಮೇಲೆ ಬಂದವುಗಳ ದಾರಿ ಮಾತ್ರ ಅವಳ ಹೆಗಲ ಮೇಲೆಯೇ ಇತ್ತು.

ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಳು. ಸ್ವೆಟರ್ ಸುಟ್ಟುಹಾಕಿ, ಮೈತೊಳೆದು, ಕಾರ್ಖಾನೆಯವರು ಬಂದಾಗ ಗಾಜಪ್ಪನಿಂದಲೇ ಸುರಿಸಿ ಸೂಜಿ ತೋರಿಸಿದರೆ ಕೋಣೆ ಉಳಿಯುತ್ತದೆ. ಗಾಜಪ್ಪನಿಗೆ ಕಂಡದ್ದು ಒಂದನ್ನೊಂದು ತಿನ್ನುವ ಗಡ್ಡ, ಅದರ ಅರ್ಥ ಅವನಿಗೆ ಗೊತ್ತಿಲ್ಲ. ಅತ್ತಿಗೆಯನ್ನು ಮನೆಗೆ ಕಳಿಸಿದ ಮೇಲೆ ಸೂಜಿ ಬಂತು ಎಂದು ಎಲ್ಲರೂ ನಂಬುತ್ತಾರೆ. ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಲೆಕ್ಕ! ಅದು ಕೂಡಿಬಂದ ಬಗೆ ನೋಡಿಯೇ ಅವಳಿಗೆ ಹೆದರಿಕೆಯಾಯಿತು. ಈ ಹಿಂದೆಯೂ ಹೀಗೆಯೇ ಸುಲಭವಾಗಿ ಕೂಡಿತ್ತಲ್ಲ.

ಎದ್ದು ಮೇಷ್ಟ್ರ ಕೋಣೆಗೆ ಹೋಗಿ, ಕೂರದೆ, ಎಲ್ಲವನ್ನೂ ಹೇಳಿದಳು.

"ಮೊನ್ನೆ ಖಚಿತ ಅಂದಿದ್ದೆ," ಎಂದರು ಮೇಷ್ಟ್ರು.

"ಹೌದು ಸಾರ್. ತಪ್ಪು ಹೇಳಿದ್ದೆ."

"ಈಗ ಹೇಳ್ತಿರೋದು?"

ಅವರ ಕಣ್ಣಿನಲ್ಲಿದ್ದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸ್ವೆಟರ್ ಬಿಚ್ಚಿ ಮೇಜಿನ ಮೇಲಿಡಹೋದಳು. "ಬೇಡ ಬೇಡ, ಇಲ್ಲಿಡಬೇಡ!" ಎಂದು ಮೇಷ್ಟ್ರು ಕುರ್ಚಿ ಸಮೇತ ಹಿಂದೆ ಸರಿದರು.

ಮನೆಯಲ್ಲಿ ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಸೂಜಿಯಕ್ಕ ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ ಎದ್ದು ಲೋಟಕ್ಕೆ ನೀರು ಬಗ್ಗಿಸಿ ತಾನೇ ಕುಡಿದಳು, ಇವಳಿಗೆ ಕೊಡಲಿಲ್ಲ.

"ಬಾಟಲಿ ತುಂಬ ಯಾಕಿತ್ತು ಅಂತ ಒಂದು ಮಾತು ಕೇಳಿದ್ರೆ ನಾನು ಹೇಳ್ತಿದ್ದೆ. ನೀನು ಕೊಟ್ಟ ಚಿಟಿಕೆಯಿಂದ ನಾನೇ ಬೆಳೆಸಿಕೊಂಡೆ. ಅರೆದು ಅಳೆಯೋಕೆ ಬೇಕಿತ್ತು. ಕದ್ದು ಬಂದು ಬಾಟಲಿ ಮಟ್ಟ ನೋಡೋ ಬದಲು ಬಾಯಿ ಬಿಟ್ಟು ಕೇಳೋಕೇನಾಗಿತ್ತು ರೋಗ?"

"ತಪ್ಪಾಯ್ತು ಅತ್ತಿಗೆ."

"ಆಯ್ತು ಬಿಡು ಅನ್ನಲ್ಲ ನಾನು. ಆಗಿಲ್ಲ." ಆದರೆ ಕಂಡದ್ದನ್ನು ಹೇಳದೆ ಇರುವುದು ಅವಳ ಜಾಯಮಾನಕ್ಕೆ ಒಗ್ಗದ ಕೆಲಸ. ಎರಡೂ ಕೈ ಮುಂದೆ ಚಾಚಿದಳು. "ಇಲ್ಲಿ ನೋಡು. ನಿನ್ನ ಸೂಜಿಯಲ್ಲಿ ಎರಡೆರಡು ಅಣು ಹೀಗೆ ಕೈ ಕೈ ಹಿಡ್ಕೊಂಡಿರ್ತಾವೆ. ಬಿಲ್ಲೆಯಲ್ಲೂ ಅದೇ ಜೋಡಿ, ಅದೇ ಭಂಗಿ. ಬೆರಳ ತುದಿಯಷ್ಟು ದೂರ, ಅಷ್ಟೇ. ಮಧ್ಯೆ ಇದು." ಖಾಲಿ ಲೋಟವನ್ನು ಅಂಗೈಗಳ ನಡುವೆ ಒತ್ತಿ ಹಿಡಿದಳು. "ನೀರು."

"ಅಂದ್ರೆ?"

"ಅಂದ್ರೆ ಹರಳಾಗೋ ಮೊದಲೇ, ದ್ರಾವಣದಲ್ಲೇ, ಅವು ಜೋಡಿಯಾಗಿ ಓಡಾಡ್ತಿರಬೇಕು, ನೀರನ್ನ ಮಧ್ಯೆ ಇಟ್ಕೊಂಡು. ನೀರು ಜಾರಿ ಹೋದ್ರೆ ಕೈ ಕೂಡುತ್ತೆ, ಸೂಜಿ ಹುಟ್ಟುತ್ತೆ. ಜಾರದೆ ಸಿಕ್ಕಿಬಿದ್ರೆ ಬಿಲ್ಲೆ. ಹರಳು ಹುಟ್ಟೋ ಗಳಿಗೆ ಯಾರ ಕಣ್ಣಿಗೂ ಬಿದ್ದಿಲ್ಲ ಅಲ್ವಾ? ಬಿಲ್ಲೆ ಆ ಗಳಿಗೆಯಲ್ಲೇ ನಿಂತುಹೋದದ್ದು. ನಡುದಾರೀಲಿ ತೆಗೆದ ಫೋಟೋ ಇದ್ದ ಹಾಗೆ." ಲೋಟ ಕೆಳಗಿಟ್ಟು ಸೇರಿಸಿದಳು: "ಖಚಿತ ಅಂತ ಹೇಳಲ್ಲ. ನನ್ನದೂ ಅನುಮಾನವೇ. ಆದ್ರೆ ನಾನು ಅಳೆದು ನೋಡಿ ಅನುಮಾನ ಪಡ್ತೀನಿ."

ಸೂಜಿಯಕ್ಕ ತಲೆ ತಗ್ಗಿಸಿದಳು.

"ಮತ್ತೆ ಆ ನೀರಿಗೆ ಒಂದು ಕಡೆ ಹಿಡಿತ ಬಿಗಿ, ಇನ್ನೊಂದು ಕಡೆ ಸಡಿಲ," ಎಂದಳು ಅತ್ತಿಗೆ. "ಕಾಯಿಸಿದ್ರೆ ಮೊದಲು ಜಾರೋದು ಅದೇ. ನೀನು ಕೈಗೆ ಹಿತವಾಗೋವರೆಗೆ ಆರಿಸ್ತೀಯಲ್ಲ, ಅಷ್ಟು ಆರಿಸಬೇಡ. ಬಟ್ಟಲು ಮುಟ್ಟಿದ್ರೆ ಕೈ ಎಳ್ಕೋಬೇಕು, ಅಷ್ಟು ಬಿಸೀಲೇ ಗೀಚು. ನಿನ್ನ ಸ್ವೆಟರ್ ಕೊಡವಿದ್ರೂ ಬಿಲ್ಲೆ ಬರಲಾರದು."

"ಇದನ್ನ ನನಗೆ ಯಾಕೆ ಹೇಳ್ತಿದೀರಿ? ಸೂಜಿ ಬಂದ್ರೆ ಕೋಣೆ ನಿಮಗೆ ಸಿಗಲ್ಲ."

"ಎಷ್ಟು ಅನುಮಾನನೇ ನಿಂಗೆ, ಹೇಳಿದ್ರೂನೂ!"

ಕಾರ್ಖಾನೆಯವರು ಬಂದರು. ಸೂಜಿಯಕ್ಕ ತನ್ನ ಕೋಣೆಯಲ್ಲೇ, ಬಿಲ್ಲೆಯ ಪುಡಿ ಮೂಲೆಮೂಲೆಯಲ್ಲಿ ಅಡಗಿರುವ ಅದೇ ಕೋಣೆಯಲ್ಲಿ, ಬಿಸಿ ಬಟ್ಟಲನ್ನು ಕಾದ ಮರಳಿನ ಮೇಲಿಟ್ಟು ಗೀಚಿದಳು. ಎಲ್ಲರ ಹಲ್ಲೂ ಜುಮ್ಮೆಂದಿತು. ಸೂಜಿ ಬಂತು. ತಡವಾಗಿ ಬಂತು, ಗಿಡ್ಡವಾಗಿ ಬಂತು, ಆದರೂ ಸೂಜಿಯೇ. ಬಿಸಿಯ ಮಾತು ಯಾರದು ಎಂದು ಅವರು ಕೇಳಿದಾಗ, ವಿಚಾರಣೆ ಮುಗಿದು ಕೆಲಸಕ್ಕೆ ಮರಳಿದ್ದ ಅತ್ತಿಗೆಯನ್ನು ತೋರಿಸಿದಳು. ಅವರು ಕೈಕುಲುಕಿದರು, ಬಿಸಿ ಎಷ್ಟಿರಬೇಕೆಂದು ಬರೆದುಕೊಂಡರು, ಇನ್ನು ಮುಂದೆ ಇದನ್ನು ತಮ್ಮ ಕಾರ್ಖಾನೆಯಲ್ಲೇ ಮಾಡಿಕೊಳ್ಳುವುದಾಗಿ ಹೇಳಿ ಹೊರಟರು.

"ಅಲ್ಲಿಗೆ ಕೆಲಸ ಮುಗೀತಲ್ಲ," ಎಂದರು ಮೇಷ್ಟ್ರು, ಖಾಲಿ ಮಾಡಬೇಕಾದ ಕಪಾಟುಗಳನ್ನು ಕಣ್ಣಲ್ಲೇ ಎಣಿಸುತ್ತ. "ಚೆನ್ನಾಗೇ ಮುಗೀತು."

ವಾರದೊಳಗೆ ಮರದ ಪೆಟ್ಟಿಗೆಗಳು ಒಳಗೆ ಬಂದವು. ಯಂತ್ರ ನಿಂತ ಮೇಲೆ ಉಳಿದ ಜಾಗದಲ್ಲಿ, ಕಿಟಕಿಯ ಕೆಳಗೆ, ಅತ್ತಿಗೆ ಒಂದು ಮೇಜು ಹಾಕಿಸಿದಳು. ಬಿಲ್ಲೆ ಬೆಳೆಸಿಕೊಡಲು ಕೈ ಪಳಗಿದವರು ಬೇಕು ಎಂದು ಮೇಷ್ಟ್ರನ್ನು ಕೇಳಿದವಳೂ ಅವಳೇ. ಸೂಜಿಯಕ್ಕ ಈಗ ತಾನು ಶಪಿಸಿದ್ದ ಬಿಲ್ಲೆಗಳನ್ನೇ ಬೇರೆ ಬೇರೆ ಬಿಸಿಯಲ್ಲಿ ಬೆಳೆಸಿ, ಎಲ್ಲಿ ನೀರು ಜಾರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಕೂತಿದ್ದಳು. ನೋಡುತ್ತ ನೋಡುತ್ತ ಊಟದ ಹೊತ್ತು ಮೀರುವುದೂ ಉಂಟು.

"ಬಾರೇ, ಆರಿಹೋಗುತ್ತೆ," ಎಂದು ಅತ್ತಿಗೆ ಕರೆದಳು.

ಸೂಜಿಯಕ್ಕ ಕೈ ಒರೆಸಿಕೊಂಡು ಎದ್ದಳು. ಅತ್ತಿಗೆ ಬಾಗಿಲ ಹತ್ತಿರ ಹೋದವಳು ನಿಂತಳು, ತಿರುಗಿ ಬಂದಳು, ಹರಳಿನ ಬಾಟಲಿಗಳಿದ್ದ ಕಪಾಟಿಗೆ ಬೀಗ ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಸೂಜಿಯಕ್ಕನ ಕಣ್ಣು ಆ ಜೇಬಿನ ಮೇಲೆಯೇ ಇತ್ತು.

"ಏನು ನೋಡ್ತೀಯ?"

"ಏನಿಲ್ಲ ಅತ್ತಿಗೆ."

"ನಡಿ ಮತ್ತೆ."